ಕಾಲುವೆಗೆ ಬೋಂಗಾ ಬಿದ್ದಾಗ ಬೀಳೋದು ವಿಹಾರ ದೋಣಿ ಅಲ್ಲ, ಮನೆ

ಸಂಪಾದಕರಿಗೆ ನಮಸ್ಕಾರ,

ಇಂಗ್ಲೆಂಡಿನ ವಿಚರ್ಚ್ ಅನ್ನೋ ಊರಲ್ಲಿ 2025ರ ಡಿಸೆಂಬರ್ 22ರ ಬೆಳಗಿನ ಜಾವ ಲಾಂಗೋಲೆನ್ ಕಾಲುವೆಯ ಏರಿ ಒಡೆದು (ನಮ್ಮ ಕಡೆ ಬೋಂಗಾ ಬೀಳೋದು ಅಂತೀವಲ್ಲ, ಅದೇ) ಬೋಟುಗಳು ಗುಂಡಿಗೆ ಬಿದ್ದ ಸುದ್ದೀನ ನಿಮ್ಮ ಪೇಪರಲ್ಲಿ ಫೋಟೋ ಸಮೇತ ಹಾಕಿದ್ರಿ, ಊರಿಂದ ತಮ್ಮ ವಾಟ್ಸಾಪಲ್ಲಿ ಕಳಿಸಿದ್ದ. ಒಳ್ಳೇದು ಹಾಕಿದ್ರಿ, ಆದ್ರೆ ಹೆಡ್ಡಿಂಗಲ್ಲಿ 'ವಿಹಾರ ದೋಣಿಗಳು' ಅಂತ ಇತ್ತಲ್ಲ, ಅದೊಂದು ಮಾತಿಗೆ ಈ ಪತ್ರ ಬರೀತಿದೀನಿ, ಉದ್ದ ಆಯ್ತು ಅಂತ ಕತ್ತರಿಸೋದಿದ್ರೆ ಬೇರೆ ಏನಾದ್ರೂ ಕತ್ತರಿಸಿ, ಇದನ್ನ ಬಿಡಿ.

ನಾನು ಸಿಂಧನೂರು ಕಡೆಯವನು, ತುಂಗಭದ್ರಾ ಎಡದಂಡೆ ನಾಲೆ ನೀರು ಕುಡಿದು ಬೆಳೆದವನು, ಈಗ ಒಂಬತ್ತು ವರ್ಷದಿಂದ ಮ್ಯಾಂಚೆಸ್ಟರ್ ಪಕ್ಕದ ಸೇಲ್ ಅನ್ನೋ ಊರಲ್ಲಿದೀನಿ. ಮನೆಯಿಂದ ಐದು ನಿಮಿಷ ನಡೆದ್ರೆ ಬ್ರಿಜ್‌ವಾಟರ್ ಕಾಲುವೆ. ಬಂದ ಹೊಸದ್ರಲ್ಲಿ ನಾನೂ ನಿಮ್ಮ ಹಾಗೇ ಅಂದ್ಕೊಂಡಿದ್ದೆ, ದುಡ್ಡಿದ್ದೋರು ಭಾನುವಾರ ಹೊತ್ತು ಕಳೆಯೋಕೆ ಇಟ್ಕೊಂಡಿರೋ ಬೋಟು ಅಂತ. ಬಾಡಿಗೆಗೆ ತಗೊಂಡು ರಜಾ ಕಳೆಯೋರು ಇದಾರೆ, ಇಲ್ಲ ಅನ್ನಲ್ಲ. ಆದ್ರೆ ಈ ದೇಶದ ಕಾಲುವೆಗಳ ಮೇಲೆ ವರ್ಷದ 365 ದಿನಾನೂ ಬೋಟಲ್ಲೇ ಸಂಸಾರ ಮಾಡೋರು ಸಾವಿರಾರು ಜನ ಇದಾರೆ. ನ್ಯಾರೋಬೋಟ್ ಅಂತಾರೆ, ಅಗಲ 7 ಅಡಿಗೂ ಒಂಚೂರು ಕಮ್ಮಿ, ಉದ್ದ ಮಾತ್ರ 70 ಅಡಿವರೆಗೂ ಇರುತ್ತೆ, ನಮ್ಮ ರೈಲು ಬೋಗಿ ಒಳಗೆ ಮನೆ ಮಾಡ್ದಂಗೆ. ಒಂದು ಕಡೆ ಸೌದೆ ಒಲೆ, ಗ್ಯಾಸ್ ಸಿಲಿಂಡರ್, ಹಾಸಿಗೆ, ಛಾವಣಿ ಮೇಲೆ ಸೋಲಾರು, ಪುದೀನಾ ಕುಂಡ. ತುಂಬಾ ಜನಕ್ಕೆ ಬೇರೆ ಮನೆ ಅಂತ ಇಲ್ವೇ ಇಲ್ಲ, ಮ್ಯಾಂಚೆಸ್ಟರ್ ಲಂಡನ್ ಬಾಡಿಗೆ ಕೇಳಿದ್ರೆ ಯಾಕೆ ಅಂತ ನಿಮಗೂ ಗೊತ್ತಾಗುತ್ತೆ.

ವಿಚರ್ಚಲ್ಲಿ ಆ ಹೊತ್ತಲ್ಲಿ ಜನ ಒಳಗೆ ಮಲಗಿದ್ರು. ಕತ್ತಲಲ್ಲಿ ನೀರು ಇಳಿಯೋ ಸದ್ದು, ಬೋಟು ವಾಲೋದು, ಕಟ್ಟಿರೋ ಹಗ್ಗ ಬಿಗಿಯಾಗಿ ಕಿರ್ರ್ ಅನ್ನೋದು. ಬೋಟಿನ ಅಡೀಲಿ ಇದ್ದ ನೀರೇ ಹೋದ್ಮೇಲೆ ಅದು ಕೆಸರಲ್ಲಿ ಒಂದು ಪಕ್ಕಕ್ಕೆ ಮಗುಚಿ ಕೂರುತ್ತೆ, ಹಗ್ಗ ಬಿಗಿಯಾಗಿ ಕಟ್ಟಿದ್ರಂತೂ ದಂಡೆಗೆ ನೇತಾಡುತ್ತೆ. ಯಾರಿಗೂ ಪ್ರಾಣಾಪಾಯ ಆಗ್ಲಿಲ್ಲ ಅನ್ನೋದೇ ದೊಡ್ಡದು, ಗುಂಡಿ ಅಂದ್ರೆ ಹೆಚ್ಚುಕಮ್ಮಿ 50 ಮೀಟರ್ ಉದ್ದದ್ದು. ಇನ್ನೊಂದು ವಿಷಯ ನಿಮ್ಮ ಸುದ್ದೀಲಿ ಬರ್ಲಿಲ್ಲ. ಲಾಂಗೋಲೆನ್ ಕಾಲುವೆ ಬೋಟಿಗೆ ಒಂದೇ ಬಾಗಿಲಿನ ಮನೆ ಇದ್ದಂಗೆ, ಹರ್ಲ್‌ಸ್ಟನ್ ಹತ್ರ ಮುಖ್ಯ ಕಾಲುವೆಗೆ ಸೇರುತ್ತೆ, ಆ ಕಡೆ ವೇಲ್ಸಿನ ಬೆಟ್ಟದ ಬುಡಕ್ಕೆ ಹೋಗಿ ಮುಗಿದುಹೋಗುತ್ತೆ. ವಿಚರ್ಚ್ ಇರೋದು ಮಧ್ಯೆ. ಅಂದ್ರೆ ಒಡೆದ ಜಾಗದಿಂದ ಮೇಲೆ ಯಾರ್ಯಾರು ಇದ್ರೋ ಅವರೆಲ್ಲ ಒಳಗೇ ಸಿಕ್ಕಿಹಾಕ್ಕೊಂಡ್ರು. ಅದೇ ಕಾಲುವೆ ಮೇಲೆ ಪಾಂಟ್‌ಕಸಲ್ಟೆ ಅನ್ನೋ ಕಬ್ಬಿಣದ ಮೇಲ್ಗಾಲುವೆ ಇದೆ, 1805ರಲ್ಲಿ ತೆರೆದದ್ದು, 38 ಮೀಟರ್ ಎತ್ತರದಲ್ಲಿ ಬೋಟು ಹೋಗುತ್ತೆ, ವಿಶ್ವ ಪಾರಂಪರಿಕ ತಾಣ, ನೋಡೋಕೆ ಜನ ಎಲ್ಲೆಲ್ಲಿಂದಾನೋ ಬರ್ತಾರೆ. ಅದು ನಿಂತಿದೆ, ಬಿದ್ದಿದ್ದು ಯಾರೂ ಫೋಟೋ ತೆಗೆಯದ ಮಾಮೂಲಿ ಮಣ್ಣಿನ ಏರಿ.

ನನಗೆ ಹತ್ತಿರದಿಂದ ಗೊತ್ತಿರೋದು ಬ್ರಿಜ್‌ವಾಟರ್ ಕಥೆ. 2025ರ ಜನವರಿ 1, ಎಲ್ಲರೂ ಹ್ಯಾಪಿ ನ್ಯೂ ಇಯರ್ ಅಂತಿರೋವಾಗ, ಮಳೆ ಸುರಿದು ಸುರಿದು ಡನ್‌ಹ್ಯಾಮ್ ಹತ್ರ ಬಾಲಿನ್ ನದಿ ದಾಟೋ ಕಡೆ ಏರಿ ಕುಸೀತು. ಇದು ಜೇಮ್ಸ್ ಬ್ರಿಂಡ್ಲಿ ಅನ್ನೋ ಎಂಜಿನಿಯರ್ ಕಾಲದ ಕಾಲುವೆ, 1761ರಲ್ಲಿ ವರ್ಸ್‌ಲಿ ಗಣಿ ಕಲ್ಲಿದ್ದಲು ಮ್ಯಾಂಚೆಸ್ಟರಿಗೆ ತರೋಕೆ ಶುರುವಾಗಿದ್ದು. ತಮಾಷೆ ಏನಂದ್ರೆ 1971ರಲ್ಲೂ ಇದೇ ಬಾಲಿನ್ ಹತ್ರಾನೇ ಒಡೆದಿತ್ತು, ತೆರೆಯೋಕೆ 1973 ಆಯ್ತು. ಈ ಸಲಾನೂ ಆ ಇಡೀ ವರ್ಷ ತೆರೀಲಿಲ್ಲ.

ನನಗೆ ಪರಿಚಯದ ಒಬ್ಬ ಆಂಟಿ ಇದಾರೆ, ರಿಟೈರ್ಡ್ ನರ್ಸು, ಗಂಡ ತೀರ್ಕೊಂಡ ಮೇಲೆ ಮನೆ ಮಾರಿ ಬೋಟಿಗೆ ಬಂದೋರು. ಮಗಳು ಚೆಷೈರ್ ಕಡೆ, ಪ್ರತಿ ಬೇಸಿಗೆಗೆ ಬೋಟು ತಗೊಂಡೇ ಹೋಗೋರು, ಬ್ರಿಜ್‌ವಾಟರ್ ಮೇಲೆ ಹೋದ್ರೆ ಲಾಕೇ (ನೀರಿನ ಮಟ್ಟ ಏರಿಸಿ ಇಳಿಸಿ ಬೋಟು ದಾಟಿಸೋ ಗೇಟಿನ ಕಟ್ಟೆ) ಇಲ್ಲ, ನೀರು ಒಂದೇ ಸಮ. ಈಗ ಅದು ಕಟ್. ಬಳಸಿಕೊಂಡು ಹೋಗಿ ಅಂತಾರೆ. ಬಳಸು ದಾರಿ ಅಂದ್ರೆ ಮ್ಯಾಂಚೆಸ್ಟರ್ ಊರೊಳಗೆ 9 ಲಾಕು, ಆಮೇಲೆ ಆಷ್ಟನ್ ಕಾಲುವೇಲಿ 18, ಮಾರ್ಪಲ್‌ನಲ್ಲಿ 16, ಬಾಸ್ಲಿಯಲ್ಲಿ 12, ಅಷ್ಟಕ್ಕೇ ಮುಗಿಯಲ್ಲ, ಅಲ್ಲಿಂದ ಟ್ರೆಂಟ್ ಅಂಡ್ ಮರ್ಸಿ ಕಾಲುವೆ ಹಿಡಿದು ಇನ್ನೂ ಇಳೀಬೇಕು. ಒಂದೊಂದು ಲಾಕಿಗೂ ಬೋಟು ನಿಲ್ಲಿಸಿ, ಇಳಿದು, ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ನೀರು ತುಂಬಿಸಿ, ಆ ದೊಡ್ಡ ಮರದ ಗೇಟನ್ನ ಬೆನ್ನು ಕೊಟ್ಟು ತಳ್ಳಬೇಕು, ನಾನೂ ಒಂದ್ಸಲ ಜೊತೆಗೆ ಹೋಗಿ ಸೊಂಟ ಹಿಡ್ಕೊಂಡು ಬಂದೆ. ಆಂಟಿಗೆ 71 ವರ್ಷ. ಅದರ ಮೇಲೆ 2025ರ ಬೇಸಿಗೇಲಿ ಇಲ್ಲಿ ಬರಗಾಲ, ನೀರಿಲ್ಲ ಅಂತ ಉತ್ತರದ ಎಷ್ಟೋ ಕಾಲುವೆಗಳನ್ನೇ ಮುಚ್ಚಿಬಿಟ್ರು. ಹೊಸ ವರ್ಷಕ್ಕೆ ಜಾಸ್ತಿ ನೀರಿಂದ ದಾರಿ ಹೋಯ್ತು, ಬೇಸಿಗೇಲಿ ನೀರಿಲ್ದೆ ಹೋಯ್ತು. ಆ ವರ್ಷ ಅವರು ಮಗಳ ಮನೆಗೆ ಹೋಗಿದ್ದು ಬಸ್ಸಲ್ಲಿ, ಎರಡು ದಿನಕ್ಕೆ, ಬೆಕ್ಕನ್ನ ನಮ್ಮನೇಲಿ ಬಿಟ್ಟು.

ಸ್ವಂತ ಮೂರಿಂಗ್, ಅಂದ್ರೆ ಬೋಟು ಕಾಯಂ ಕಟ್ಟೋ ಜಾಗ, ಇಲ್ದೋರ ಪಾಡು ಇನ್ನೂ ಬೇರೆ. 1995ರ ಕಾಯ್ದೆ ಪ್ರಕಾರ ಅವರು ಒಂದೇ ಜಾಗದಲ್ಲಿ 14 ದಿನಕ್ಕಿಂತ ಜಾಸ್ತಿ ನಿಲ್ಲಂಗಿಲ್ಲ, ಮುಂದಕ್ಕೆ ಹೋಗ್ತಾನೇ ಇರಬೇಕು. ಸ್ಕೂಲು, ಕೆಲಸ, ಡಾಕ್ಟರು ಎಲ್ಲಾನೂ ಅದರ ಮೇಲೆ ಲೆಕ್ಕ ಹಾಕಿರ್ತಾರೆ. ಕುಡಿಯೋ ನೀರು ತುಂಬಿಸೋ ನಲ್ಲಿ, ಟಾಯ್ಲೆಟ್ ಖಾಲಿ ಮಾಡೋ ಜಾಗ ಒಡೆದ ಕಡೆಯಿಂದ ಆಚೆಗಿದ್ರೆ ಏನ್ ಮಾಡ್ಬೇಕು? ಡೀಸೆಲ್ಲು, ಕಲ್ಲಿದ್ದಲು ಮಾರೋದೂ ಬೋಟಲ್ಲೇ, ಅವು ಬರೋ ದಾರೀನೂ ಅದೇ ಅಲ್ವಾ. ಇನ್ಶೂರೆನ್ಸ್ ಅಂತೀರಾ, ಲೈಸೆನ್ಸಿಗೆ ಥರ್ಡ್ ಪಾರ್ಟಿ ಇದ್ರೆ ಸಾಕು, ಅಷ್ಟೇ ಮಾಡ್ಸಿದೋರ ಸ್ವಂತ ಬೋಟು ಹೋದ್ರೆ ಹೋಯ್ತು.

ತಪ್ಪೆಲ್ಲ ಬೇರೆಯವರದ್ದೇ ಅಂತಾನೂ ಅಲ್ಲ. 2018ರ ಮಾರ್ಚಲ್ಲಿ ಮಿಡಲ್‌ವಿಚ್ ಅನ್ನೋ ಶಾಖಾ ಕಾಲುವೆ ಒಡೆದಾಗ, ಲಾಕಿನ ಪ್ಯಾಡಲ್, ಅಂದ್ರೆ ನೀರು ಬಿಡೋ ತೂಬು, ಯಾರೋ ತೆರೆದಿಟ್ಟು ಹೋಗಿದ್ರಿಂದ ನೀರು ಏರಿ ಮೇಲೆ ಹರಿದು ಕೊಚ್ಚಿರಬೇಕು ಅಂತ ಕಾಲುವೆ ನೋಡ್ಕೊಳ್ಳೋ ಟ್ರಸ್ಟಿನವರು ಹೇಳಿದ್ರು. ಒಂದು ತೂಬು ಮುಚ್ಚದೇ ಹೋಗಿದ್ದಕ್ಕೆ ರಿಪೇರಿ ಸುಮಾರು 30 ಲಕ್ಷ ಪೌಂಡ್, ತೆರೆಯೋ ಹೊತ್ತಿಗೆ ಡಿಸೆಂಬರ್. ನಮ್ಮ ಕಡೆ ರಾತ್ರೋರಾತ್ರಿ ತೂಬು ಎತ್ತೋರು ಇದನ್ನ ಓದ್ಲಿ.

ನಮ್ಮ ಕಡೆಗೂ ಇಲ್ಲಿಗೂ ನಾನು ನೋಡಿರೋ ಹೋಲಿಕೆ ಇದು. ಏರಿ ತಿನ್ನೋದು ಇಲ್ಲಿ ಬ್ಯಾಡ್ಜರ್ ಅನ್ನೋ ಪ್ರಾಣಿ, ಮರದ ಬೇರು, ಏರಿ ಕೆಳಗಿನ ಹಳೇ ಮೋರಿ. ನಮ್ಮಲ್ಲಿ ಹೆಗ್ಗಣ, ಏಡಿ, ಜಾಲಿ. ಎಲ್ಲಾದ್ರೂ ಶುರುವಾಗೋದು ಒಂದು ಸಣ್ಣ ಜಿನುಗಿಂದ, ಅದು ಕಣ್ಣಿಗೆ ಬೀಳಬೇಕಂದ್ರೆ ಯಾರಾದ್ರೂ ದಿನಾ ಏರಿ ಮೇಲೆ ನಡೀಬೇಕು. ನಮ್ಮ ನಾಲೆ ಗ್ಯಾಂಗ್‌ಮನ್‌ಗಳು ಸಂಬಳಕ್ಕೆ ಧರಣಿ ಕೂರೋದನ್ನ ನೀವೇ ಎಷ್ಟು ಸಲ ಬರೆದಿಲ್ಲ. ಇಲ್ಲಿ ಆ ಟ್ರಸ್ಟಿಗೆ ಸರ್ಕಾರ ಕೊಡೋ ಗ್ರ್ಯಾಂಟು 2027ರಿಂದ ವರ್ಷ ವರ್ಷ ಇಳೀತಾ ಹೋಗುತ್ತೆ, ಕಾಲುವೆಗೆ ಮಾತ್ರ ವಯಸ್ಸು 200 ದಾಟಿದೆ. ಒಂದು ವಿಷಯ ಮಾತ್ರ ಹಳಬರನ್ನ ಮೆಚ್ಚಬೇಕು. ಬ್ರಿಜ್‌ವಾಟರ್ ದಂಡೆ ಉದ್ದಕ್ಕೂ ಅಲ್ಲಲ್ಲಿ ಸಣ್ಣ ಕೈ ಕ್ರೇನು, ಪಕ್ಕದಲ್ಲಿ ದಪ್ಪ ಹಲಗೆ ಇರುತ್ವೆ, ಎಲ್ಲಾದ್ರೂ ಒಡೆದ್ರೆ ದಂಡೆ ಕಲ್ಲಲ್ಲಿ ಕೊರೆದಿರೋ ಸಂದಿಗೆ ಹಲಗೆ ಒಂದರ ಮೇಲೊಂದು ಇಳಿಸಿ ಅಷ್ಟು ಭಾಗದ ನೀರು ತಡೀತಾರೆ. 2024ರ ಆಗಸ್ಟಲ್ಲಿ ಟಿಬಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಸ್ಟಾಪ್ ಲಾಗ್ ಅಂತ ಇಳಿಸಿದ್ರಲ್ಲ, ಅದರ ಪುಟ್ಟ ತಮ್ಮ ಇದು. ನಮ್ಮ ಉಪಕಾಲುವೆಗಳಲ್ಲೂ ನಾಕು ನಾಕು ಮೈಲಿಗೆ ಇಂಥದ್ದೊಂದು ಇದ್ರೆ ಬೋಂಗಾ ಬಿದ್ದಾಗ ಮರಳು ಚೀಲಕ್ಕೆ ಪರದಾಡೋದು ತಪ್ಪುತ್ತೆ, ನೀರಾವರಿ ಇಲಾಖೆ ಎಂಜಿನಿಯರುಗಳು ಯಾರಾದ್ರೂ ಓದ್ತಿದ್ರೆ ನೋಡಿ ಸರ್.

ನಮ್ಮಲ್ಲಿ ನಾಲೆ ಒಡೆದಾಗ ನೀವು ಕೊನೆಭಾಗದ ರೈತರ ಹತ್ರ ಹೋಗಿ ಕೇಳ್ತೀರಿ, ಭತ್ತ ಒಣಗ್ತಿರೋ ಫೋಟೋ ಹಾಕ್ತೀರಿ. ಬೋಟಿನ ಮೇಲಿರೋರು ಇಲ್ಲಿನ ಕೊನೆಭಾಗದ ರೈತರೇ ಅಂದ್ಕೊಳ್ಳಿ. ಮುಂದಿನ ಸಲ ಈ ಥರ ಸುದ್ದಿ ಬಂದ್ರೆ 'ವಿಹಾರ ದೋಣಿ' ಬದ್ಲು 'ಮನೆ ದೋಣಿ' ಅಂತ ಹಾಕಿ, ಹೆಡ್ಡಿಂಗಲ್ಲಿ ಜಾಗಾನೂ ಅಷ್ಟೇ ಹಿಡಿಯುತ್ತೆ.

ಇಂತಿ,
ಸಿಂಧನೂರು ತಾಲ್ಲೂಕಿನ ಒಬ್ಬ ಓದುಗ
(ಸದ್ಯ ಸೇಲ್, ಮ್ಯಾಂಚೆಸ್ಟರ್ ಹತ್ತಿರ)