ಬೇಸ್‌ಬಾಲ್: ಟಿ.ವಿ. ಮುಂದೆ ಪೆನ್ಸಿಲ್ ಹಿಡಿದು

ಮಾನ್ಯ ಸಂಪಾದಕರೇ,

2025ರ ನವೆಂಬರ್ 2, ಭಾನುವಾರ. ನಮ್ಮಲ್ಲಿ ತಿಂಡಿಯ ಹೊತ್ತು, ಟೊರೊಂಟೊದಲ್ಲಿ ನಡುರಾತ್ರಿ. ಅಮೆರಿಕ-ಕೆನಡಾದ ಮೇಜರ್ ಲೀಗ್ ಬೇಸ್‌ಬಾಲ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ 11ನೇ ಇನಿಂಗ್‌ಗೆ ಹೋಗಿ, ಲಾಸ್ ಏಂಜಲೀಸ್ ಡಾಜರ್ಸ್ 5–4ರಿಂದ ಬ್ಲೂ ಜೇಸ್ ತಂಡವನ್ನು ಮಣಿಸಿತು. ಅದೇ ರಾತ್ರಿ ನವಿ ಮುಂಬೈಯಲ್ಲಿ ನಮ್ಮ ವನಿತೆಯರು ವಿಶ್ವಕಪ್ ಗೆದ್ದರು. ಹಾಗಾಗಿ ಮರುದಿನದ ಕ್ರೀಡಾಪುಟದಲ್ಲಿ ಬೇಸ್‌ಬಾಲ್‌ಗೆ ಮೂಲೆಯೂ ಸಿಗದಿದ್ದರೆ ಯಾರೂ ತಕರಾರು ಮಾಡುವಂತಿಲ್ಲ. ತಕರಾರು ಇರುವುದು ಉಳಿದ ದಿನಗಳ ಬಗ್ಗೆ. ಕನ್ನಡ ಪತ್ರಿಕೆಗಳಲ್ಲಿ ಬೇಸ್‌ಬಾಲ್ ಅಪರೂಪಕ್ಕೆ ಬಂದರೂ 'ಇಂಥವರಿಗೆ 5–4 ಜಯ' ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಇನ್ನೆರಡು ಸಾಲು ಅಚ್ಚಾದರೆ ಸಾಕು, ಪಂದ್ಯವೇ ಕಣ್ಣಿಗೆ ಕಟ್ಟುತ್ತದೆ:

ಡಾಜರ್ಸ್: 000 101 011 01 – 5
ಬ್ಲೂ ಜೇಸ್: 003 001 000 00 – 4

ಎರಡೂ ತಂಡಗಳು ಮೂರು ಮೂರು ಔಟ್ ಆಗುವ ತನಕ ಒಂದೊಂದು ಸಲ ಬ್ಯಾಟ್ ಮಾಡಿದರೆ ಒಂದು ಇನಿಂಗ್; ಸ್ಕೋರ್ ಸಮವಾಗದಿದ್ದರೆ ಒಂಬತ್ತಕ್ಕೆ ಪಂದ್ಯ ಮುಗಿಯುತ್ತದೆ. ಒಂದೊಂದು ಅಂಕಿಯೂ ಒಂದು ಇನಿಂಗ್‌ನ ರನ್. ಮೇಲಿನ ಸಾಲು ಮೊದಲು ಬ್ಯಾಟ್ ಮಾಡುವ ಅತಿಥಿ ತಂಡದ್ದು, ಕೆಳಗಿನದು ಆತಿಥೇಯರದ್ದು. ಬ್ಲೂ ಜೇಸ್ ಮೂರನೇ ಇನಿಂಗ್‌ನಲ್ಲಿ ಒಮ್ಮೆಗೇ ಮೂರು ರನ್ ಹೊಡೆಯಿತು. ಡಾಜರ್ಸ್ ಒಂದೊಂದೇ ರನ್ ಕೂಡಿಸುತ್ತಾ ಬಂದು ಒಂಬತ್ತನೇ ಇನಿಂಗ್‌ನಲ್ಲಿ ಸಮ ಮಾಡಿತು. 11ನೇ ಇನಿಂಗ್ ತನಕ ಅದು ಒಮ್ಮೆಯೂ ಮುಂದಿರಲಿಲ್ಲ. ಇಷ್ಟೂ ಆ ಎರಡು ಸಾಲಿನಲ್ಲಿದೆ. ಕ್ರಿಕೆಟ್‌ನ ಇಡೀ ಸ್ಕೋರ್‌ಪಟ್ಟಿಗೆ ಜಾಗ ಕೊಡುವ ಪುಟಕ್ಕೆ ಇದು ಭಾರವೇನಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಮತ್ತು ಬೇಸ್‌ಬಾಲ್ ಎರಡೂ ಇವೆ. ಆಗ ಏಕಾಏಕಿ ಓದುಗರಿಗೆ ಪಾಠ ಮಾಡುವ ಬದಲು ಈಗಿನಿಂದಲೇ ಶುರು ಮಾಡಬಹುದು.

ಇನ್ನು ಓದುಗರಿಗೆ ಒಂದು ಮಾತು. ಬೇಸ್‌ಬಾಲ್ ಟಿ.ವಿ.ಯಲ್ಲಿ ನೋಡಿ 'ಏನೂ ನಡೆಯುವುದೇ ಇಲ್ಲವಲ್ಲ' ಎಂದು ಚಾನೆಲ್ ಬದಲಿಸುವವರು ಸ್ಕೋರ್ ಪುಸ್ತಕ ಹಿಡಿದು ನೋಡಿಲ್ಲ. ಕ್ರಿಕೆಟ್‌ನ ಸ್ಕೋರ್ ಪುಸ್ತಕ ಪ್ರತಿ ಚೆಂಡನ್ನೂ ಬರೆದಿಡುತ್ತದೆ, ಆದರೆ ಬೌಂಡರಿ ಯಾರ ಪಕ್ಕದಿಂದ ಹೋಯಿತೆಂದು ಹೇಳುವುದಿಲ್ಲ. ಬೇಸ್‌ಬಾಲ್‌ನದು ಉಲ್ಟಾ. ಚೆಂಡನ್ನು ಯಾರು ಹಿಡಿದರು, ಯಾರಿಗೆ ಎಸೆದರು ಎಂಬುದೇ ಅದರ ಜೀವ. ಅದಕ್ಕಾಗಿ ಒಂಬತ್ತು ಜಾಗಗಳಿಗೂ ಖಾಯಂ ಸಂಖ್ಯೆ ಕೊಟ್ಟಿದ್ದಾರೆ: ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವ) 1, ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಹಿಡಿಯುವವ) 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಥರ್ಡ್ ಬೇಸ್ 5, ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ನಡುವೆ ನಿಲ್ಲುವವ) 6, ಎಡ, ಮಧ್ಯ, ಬಲ ಔಟ್‌ಫೀಲ್ಡ್ ಕ್ರಮವಾಗಿ 7, 8, 9. ಇವು ಆಟಗಾರನ ಜೆರ್ಸಿ ಸಂಖ್ಯೆಗಳಲ್ಲ. ಹೊಸಬರು ಮೊದಲು ಎಡವುವುದೇ ಇಲ್ಲಿ. ಥರ್ಡ್ ಬೇಸ್‌ 5 ಆದಮೇಲೆ ಶಾರ್ಟ್‌ಸ್ಟಾಪ್ 6 ಎನ್ನುವುದೂ ಮೊದಲೆರಡು ಪಂದ್ಯ ಕೈಕೊಡುತ್ತದೆ.

ಪುಸ್ತಕ ಮನೆಯಲ್ಲೇ ಮಾಡಿಕೊಳ್ಳಬಹುದು. ಎ-4 ಹಾಳೆಯನ್ನು ಅಡ್ಡ ಇಟ್ಟು ಹೆಸರಿಗೆ 50 ಮಿ.ಮೀ., ಜಾಗದ ಸಂಖ್ಯೆಗೆ 10 ಮಿ.ಮೀ., ಇನಿಂಗ್‌ಗಳಿಗೆ 17 ಮಿ.ಮೀ.ನ ಹತ್ತು ಕಂಬಸಾಲು, ಕೊನೆಯಲ್ಲಿ ಮೊತ್ತಕ್ಕೆ 10 ಮಿ.ಮೀ.ನ ನಾಲ್ಕು. ಒಟ್ಟು 270 ಮಿ.ಮೀ. ಆಯಿತು, ಉಳಿದ 27 ಮಿ.ಮೀ. ಹೊಲಿಗೆಗೆ ಮತ್ತು ಅಂಚಿಗೆ. ಒಂಬತ್ತು ಬ್ಯಾಟರ್‌ಗಳಿಗೆ ತಲಾ 17 ಮಿ.ಮೀ. ಎತ್ತರದ ಸಾಲು ಎಳೆದರೆ ಚೌಕಗಳು ಸಮವಾಗಿ ಬರುತ್ತವೆ. ಹೆಸರಿನ ಜಾಗವನ್ನು ಮಾತ್ರ ಮೂರು ಗೆರೆಯಾಗಿ ಒಡೆಯಿರಿ, ಬದಲಿ ಆಟಗಾರ ಬಂದಾಗ ಕೆಳಗೆ ಬರೆಯಲು. ಕೆಳಗಿನ 25 ಮಿ.ಮೀ. ಪಿಚರ್‌ಗಳಿಗೆ. ಒಂದು ತಂಡಕ್ಕೆ ಒಂದು ಹಾಳೆ, ಎದುರುಬದುರು ಪುಟದಲ್ಲಿ. ಪೆನ್ನು ಬೇಡ. ಫೀಲ್ಡರ್ ಎಡವಿದ್ದು 'ಎರರ್' ಅಥವಾ ಬ್ಯಾಟರ್‌ಗೆ 'ಹಿಟ್' ಎಂದು ತೀರ್ಮಾನಿಸುವವರು ಅಂಗಳದ ಅಧಿಕೃತ ಸ್ಕೋರರ್. ಅವರ ತೀರ್ಪು ಬರಲು ತಡವಾಗುತ್ತದೆ, ಪಂದ್ಯ ಮುಗಿದ ಮೇಲೂ ಬದಲಾಗುವುದುಂಟು. ಎಚ್‌ಬಿ ಪೆನ್ಸಿಲ್, ಒಂದು ರಬ್ಬರ್ ಸಾಕು.

ಪ್ರತಿ ಚೌಕದೊಳಗೂ ಓರೆಯಾಗಿ ನಿಲ್ಲಿಸಿದ ಒಂದು ಚಿಕ್ಕ ಚೌಕ. ಕೆಳತುದಿ ಹೋಂ (ಬ್ಯಾಟರ್ ನಿಲ್ಲುವ ಜಾಗ), ಬಲತುದಿ ಫಸ್ಟ್, ಮೇಲ್ತುದಿ ಸೆಕೆಂಡ್, ಎಡತುದಿ ಥರ್ಡ್. ಬ್ಯಾಟರ್ ಎಷ್ಟು ಬೇಸ್ ತಲುಪಿದನೋ ಅಷ್ಟು ಗೆರೆಯನ್ನು ದಪ್ಪ ಮಾಡಬೇಕು. ಸುತ್ತು ಹಾಕಿ ಹೋಂ ಮುಟ್ಟಿದರೆ ಒಳಗೆ ತುಂಬಬೇಕು. ಔಟಾದರೆ ಹೇಗೆಂದು ಬರೆದು, ಎಷ್ಟನೇ ಔಟ್ ಎಂಬುದಕ್ಕೆ ಸುತ್ತು ಹಾಕಬೇಕು. ಸ್ಟ್ರೈಕ್‌ಔಟ್‌ಗೆ 'ಕೆ' ಎಂಬ ಇಂಗ್ಲಿಷ್ ಅಕ್ಷರ (ಬೀಸಿ ತಪ್ಪಿದ ಅಥವಾ ಹೊಡೆಯದೆ ಬಿಟ್ಟ ಒಳ್ಳೆಯ ಎಸೆತ ಒಂದು ಸ್ಟ್ರೈಕ್, ಅಂಥ ಮೂರಾದರೆ ಔಟ್). ಇದನ್ನು ಬಳಕೆಗೆ ತಂದವರು ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕ್ರಿಕೆಟ್ ವರದಿ ಬರೆಯುತ್ತಿದ್ದ ಹೆನ್ರಿ ಚಾಡ್ವಿಕ್. 'ಎಸ್' ಅಕ್ಷರ ತಾನು ಔಟಾಗಿ ಓಟಗಾರನನ್ನು ಮುಂದೆ ಕಳಿಸುವ ಸ್ಯಾಕ್ರಿಫೈಸ್‌ಗೆ ಹೋಗಿದ್ದರಿಂದ 'ಸ್ಟ್ರಕ್' ಪದದ ಕೊನೆಯ ಅಕ್ಷರ ಹಿಡಿದರು. ಬ್ಯಾಟ್ ಬೀಸದೆ ನಿಂತು ಮೂರನೇ ಸ್ಟ್ರೈಕ್ ಬಿಟ್ಟರೆ ಅದೇ ಅಕ್ಷರವನ್ನು ತಿರುಗಿಸಿ ಬರೆಯುತ್ತಾರೆ. ಬೇಸ್‌ಬಾಲ್‌ನ ಲೆಕ್ಕದ ಪುಸ್ತಕಕ್ಕೆ ತಳಪಾಯ ಹಾಕಿದ್ದು ಒಬ್ಬ ಕ್ರಿಕೆಟ್ ವರದಿಗಾರ ಎಂಬುದನ್ನು ನಮ್ಮ ಕ್ರಿಕೆಟ್ ಅಭಿಮಾನಿಗಳು ಗಮನಿಸಬಹುದು.

ಮೇಲೆ ಹೇಳಿದ ಏಳನೇ ಪಂದ್ಯದ ಕೊನೆಯ ಅರ್ಧ ಇನಿಂಗ್ ಅಭ್ಯಾಸಕ್ಕೆ ಹೇಳಿಮಾಡಿಸಿದಂತಿದೆ. ಬ್ಲೂ ಜೇಸ್‌ನ ಗೆರೆರೊ ಡಬಲ್ ಹೊಡೆದು ಸೆಕೆಂಡ್ ಸೇರಿದರು. ಮುಂದಿನ ಕೈನರ್-ಫಲೇಫಾ ಸ್ಯಾಕ್ರಿಫೈಸ್ ಬಂಟ್ (ಬೀಸದೆ ಚೆಂಡನ್ನು ಮೆಲ್ಲಗೆ ತಡೆಯುವುದು) ಇಟ್ಟು ತಾವು ಔಟಾಗಿ ಗೆರೆರೊ ಅವರನ್ನು ಥರ್ಡ್‌ಗೆ ದಾಟಿಸಿದರು. ಈ ದಾಟುವಿಕೆ ಬರೆಯಬೇಕಾದ್ದು ಗೆರೆರೊ ಚೌಕದಲ್ಲಿ. ಹೊಸಬರು ಹೊಡೆದವನ ಚೌಕದಲ್ಲಿ ಬರೆದು, ಓಡಿದವನನ್ನು ಸೆಕೆಂಡ್‌ನಲ್ಲೇ ನಿಲ್ಲಿಸಿಬಿಡುತ್ತಾರೆ. ಬಾರ್ಜರ್ ನಾಲ್ಕು ಬಾಲ್ (ಸ್ಟ್ರೈಕ್ ಅಲ್ಲದ, ಬ್ಯಾಟರ್ ಬಿಟ್ಟ ಎಸೆತ) ಪಡೆದು ವಾಕ್‌ನಲ್ಲಿ ಫಸ್ಟ್‌ಗೆ ಬಂದರು. ಆಮೇಲೆ ಕರ್ಕ್ ಹೊಡೆದ ಚೆಂಡು ನೆಲದಲ್ಲಿ ಉರುಳಿ ಶಾರ್ಟ್‌ಸ್ಟಾಪ್ ಮೂಕಿ ಬೆಟ್ಸ್ ಕೈಸೇರಿತು. ಅವರು ತಾವೇ ಸೆಕೆಂಡ್ ಬೇಸ್ ತುಳಿದು ಫಸ್ಟ್‌ನಲ್ಲಿದ್ದ ಫ್ರೀಮನ್‌ಗೆ ಎಸೆದರು. ಒಂದೇ ಚೆಂಡಿಗೆ ಇಬ್ಬರು ಔಟ್, ಸೀರೀಸ್ ಮುಗಿಯಿತು. ಪುಸ್ತಕದಲ್ಲಿ ಇದು '6-3', ಪಕ್ಕದಲ್ಲಿ ಡಬಲ್ ಪ್ಲೇ ಗುರುತು. ಎಚ್ಚರಿಕೆ ಬೇಕಾದ್ದು ಇಲ್ಲೇ. ಎರಡನೇ ಔಟ್ ಬಾರ್ಜರ್ ಚೌಕಕ್ಕೆ, ಮೂರನೆಯದು ಕರ್ಕ್ ಚೌಕಕ್ಕೆ. ಎರಡನ್ನೂ ಕರ್ಕ್ ತಲೆಗೆ ಕಟ್ಟಿದರೆ ಬಾರ್ಜರ್ ಪುಸ್ತಕದಲ್ಲಿ ಇಂದಿಗೂ ಫಸ್ಟ್ ಬೇಸ್‌ನಲ್ಲೇ ನಿಂತಿರುತ್ತಾರೆ.

ಇಂಥ ತಪ್ಪು ಹಿಡಿಯಲು ಬೇಸ್‌ಬಾಲ್‌ನಲ್ಲಿ ಒಂದು ಸೊಗಸಾದ ತಾಳೆ ಇದೆ. ಬ್ಯಾಟ್ ಹಿಡಿದು ಬಂದವನಿಗೆ ಮೂರೇ ಗತಿ: ರನ್ ಗಳಿಸುತ್ತಾನೆ, ಔಟಾಗುತ್ತಾನೆ, ಇಲ್ಲವೇ ಇನಿಂಗ್ ಮುಗಿದಾಗ ಬೇಸ್‌ನಲ್ಲೇ ಉಳಿಯುತ್ತಾನೆ. ಆದ್ದರಿಂದ ಒಂದು ಕಡೆ ಅಟ್-ಬ್ಯಾಟ್ (ಮುಂದೆ ಹೇಳುವವನ್ನು ಬಿಟ್ಟು ಉಳಿದ ಬ್ಯಾಟಿಂಗ್ ಸರದಿಗಳು), ವಾಕ್, ಚೆಂಡು ಮೈಗೆ ತಗುಲಿ ಬೇಸ್ ಪಡೆದವರು, ಸ್ಯಾಕ್ರಿಫೈಸ್‌ಗಳು, ಅಪರೂಪಕ್ಕೆ ಕ್ಯಾಚರ್ ಅಡ್ಡಿಯಿಂದ ಬೇಸ್ ಸಿಕ್ಕವರು. ಇನ್ನೊಂದು ಕಡೆ ರನ್, ಉಳಿದವರು, ಔಟ್. ಎರಡೂ ಸಮ ಬರಬೇಕು. ಒಂಬತ್ತು ಇನಿಂಗ್‌ನ ಒಂದು ಪಂದ್ಯದ ಉದಾಹರಣೆ ನೋಡಿ: 34 ಅಟ್-ಬ್ಯಾಟ್, 3 ವಾಕ್, 1 ಚೆಂಡು ತಗುಲಿದ್ದು, 1 ಸ್ಯಾಕ್ರಿಫೈಸ್, ಒಟ್ಟು 39. ಅತ್ತ 5 ರನ್, 7 ಮಂದಿ ಉಳಿಕೆ, 27 ಔಟ್, ಅದೂ 39. ಆತಿಥೇಯರು ಮುಂದಿದ್ದು ಒಂಬತ್ತನೇ ಇನಿಂಗ್ ಆಡದೆ ಗೆದ್ದರೆ 27ರ ಬದಲು 24 ಔಟ್.

ಈ ತಾಳೆ ಕೆಡುವ ಒಂದು ಸಂದರ್ಭ ಉಂಟು. 2020ರಿಂದ ಲೀಗ್ ಹಂತದ ಪಂದ್ಯಗಳಲ್ಲಿ 10ನೇ ಇನಿಂಗ್‌ನಿಂದ ಪ್ರತಿ ಅರ್ಧವೂ ಸೆಕೆಂಡ್ ಬೇಸ್‌ನಲ್ಲಿ ಒಬ್ಬ ಓಟಗಾರನನ್ನು ನಿಲ್ಲಿಸಿಯೇ ಶುರುವಾಗುತ್ತದೆ. ಆತ ಬ್ಯಾಟ್ ಮಾಡಿ ಅಲ್ಲಿಗೆ ಬಂದವನಲ್ಲ, ಹಾಗಾಗಿ ಅಂಥ ಪ್ರತಿ ಅರ್ಧಕ್ಕೂ ಮೊದಲ ಮೊತ್ತಕ್ಕೆ ಒಂದು ಸೇರಿಸಬೇಕು. ಅವನ ರನ್ ಪಿಚರ್‌ನ ಅರ್ನ್ಡ್ ರನ್ (ಫೀಲ್ಡರ್ ತಪ್ಪಿಲ್ಲದೆ ಪಿಚರ್ ತಾನೇ ಕೊಟ್ಟ ರನ್) ಲೆಕ್ಕಕ್ಕೂ ಹೋಗುವುದಿಲ್ಲ. ಲೀಗ್ ಹಂತದ ನಂತರದ ಪೋಸ್ಟ್ ಸೀಸನ್‌ನಲ್ಲಿ ಈ ನಿಯಮ ಇಲ್ಲ. ಅದೇ ಸೀರೀಸ್‌ನ ಮೂರನೇ ಪಂದ್ಯ 18 ಇನಿಂಗ್, 6 ಗಂಟೆ 39 ನಿಮಿಷ ಎಳೆದದ್ದು ಅದಕ್ಕೇ. ಹತ್ತೇ ಕಂಬಸಾಲು ಹಾಕಿಕೊಂಡವರು ಅಂದು ಎರಡನೇ ಹಾಳೆ ತೆಗೆಯಬೇಕಾಯಿತು. ಒಂದೇ ಇನಿಂಗ್‌ನಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಬ್ಯಾಟ್ ಮಾಡಿದರೂ ಪಕ್ಕದ ಕಂಬಸಾಲು ಬೇಕಾಗುತ್ತದೆ, ಮುಂದಿನ ಇನಿಂಗ್‌ಗಳ ಸಂಖ್ಯೆ ತಿದ್ದಬೇಕು. ಇನ್ನೊಂದು ವಿಚಿತ್ರ: ಮೂರನೇ ಸ್ಟ್ರೈಕನ್ನು ಕ್ಯಾಚರ್ ಹಿಡಿಯದೆ ಬಿಟ್ಟರೆ, ಫಸ್ಟ್ ಖಾಲಿಯಿದ್ದಾಗ ಅಥವಾ ಇಬ್ಬರು ಔಟಾಗಿದ್ದಾಗ, ಬ್ಯಾಟರ್ ಓಡಬಹುದು. ಆತ ಫಸ್ಟ್ ತಲುಪಿದರೆ ಸ್ಟ್ರೈಕ್‌ಔಟ್ ಬರೆಯಬೇಕು, ಔಟ್ ಸುತ್ತಬಾರದು. ಒಂದು ಇನಿಂಗ್‌ನಲ್ಲಿ ನಾಲ್ಕು ಸ್ಟ್ರೈಕ್‌ಔಟ್ ಕಂಡರೆ ಅದು ಅಚ್ಚಿನ ದೋಷವಲ್ಲ.

ಟಿ.ವಿ. ಈ ಕೆಲಸಕ್ಕೆ ಅರ್ಧ ನೆರವು, ಅರ್ಧ ಅಡ್ಡಿ. ಮೇಜರ್ ಲೀಗ್ ಪಂದ್ಯ ಮೊದಲು ಟಿ.ವಿ.ಯಲ್ಲಿ ಬಂದದ್ದು 1939ರ ಆಗಸ್ಟ್ 26ರಂದು, ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್‌ನಿಂದ, ಎರಡೇ ಕ್ಯಾಮೆರಾದಲ್ಲಿ. ಈಗ ಕ್ಯಾಮೆರಾ ಲೆಕ್ಕವಿಲ್ಲದಷ್ಟಿದ್ದರೂ ಚೆಂಡು ಎಸೆಯುವಾಗ ಕಾಣುವುದು ಪಿಚರ್ ಬೆನ್ನು, ಬ್ಯಾಟರ್, ಕ್ಯಾಚರ್, ಅಂಪೈರ್ ಮಾತ್ರ. ಏಳು ಫೀಲ್ಡರ್‌ಗಳು ಚೌಕಟ್ಟಿನ ಹೊರಗೆ. ಚೆಂಡು ಬಡಿದಾಗ ಕ್ಯಾಮೆರಾ ಬದಲಾಗುತ್ತದೆ, ಅಷ್ಟರಲ್ಲಿ ಫೀಲ್ಡರ್ ಎಲ್ಲಿಂದ ಓಡಿಬಂದ ಎನ್ನುವುದು ತಪ್ಪಿರುತ್ತದೆ. ಸಂಖ್ಯೆ ಬರೆಯಬೇಕಾದವನ ಕಣ್ಣು ಮಾತ್ರ ಚೆಂಡು ಬಿಟ್ಟು ಎಸೆತದ ಕೈಗಳನ್ನು ಹಿಂಬಾಲಿಸುತ್ತದೆ. ಇನ್ನೊಂದು ಮೋಸ ಪಿಚರ್ ಬೆನ್ನು ತೋರಿಸುವ ಕ್ಯಾಮೆರಾದ ಜಾಗದ್ದು. ನೇರ ಹಿಂದೆ ಇಟ್ಟರೆ ಪಿಚರ್ ಮೈಯೇ ಅಡ್ಡ ಬರುವುದರಿಂದ ಹೆಚ್ಚಿನ ಅಂಗಳಗಳಲ್ಲಿ ಅದನ್ನು ಎಡ ಔಟ್‌ಫೀಲ್ಡ್ ಕಡೆಗೆ ಸರಿಸಿರುತ್ತಾರೆ. ಚೆಂಡು ಹಾಯಬೇಕಾದ ಹೋಂ ಪ್ಲೇಟ್‌ನ ಅಗಲ 17 ಅಂಗುಲ. ಓರೆಯಿಂದ ನೋಡಿ 'ಅದು ಹೊರಗೆ, ಅಂಪೈರ್ ಕುರುಡ' ಎನ್ನುವುದು ಎಲ್.ಬಿ.ಡಬ್ಲ್ಯು. ತೀರ್ಪನ್ನು ಸ್ಕ್ವೇರ್ ಲೆಗ್‌ನಿಂದ ಕೊಟ್ಟ ಹಾಗೆ.

ಬರೆಯಲು ಸಮಯ ಸಿಗುತ್ತದೆಯೇ? ಸಿಗುತ್ತದೆ, ಆದರೆ ಮೊದಲಿನಷ್ಟಿಲ್ಲ. 2023ರಲ್ಲಿ ಪಿಚ್ ಕ್ಲಾಕ್ (ಪಿಚರ್ ಇಷ್ಟರೊಳಗೆ ಚೆಂಡು ಎಸೆಯಬೇಕೆಂಬ ಗಡಿಯಾರ) ಬಂತು. ಬೇಸ್ ಖಾಲಿಯಿದ್ದರೆ 15 ಸೆಕೆಂಡು, ಓಟಗಾರರಿದ್ದರೆ ಈಗ 18, ಬ್ಯಾಟರ್ ಬದಲಾಗುವಾಗ 30. ಮೂರು ಗಂಟೆ ದಾಟುತ್ತಿದ್ದ ಪಂದ್ಯ ಸರಾಸರಿ 2 ಗಂಟೆ 40 ನಿಮಿಷದ ಆಸುಪಾಸಿಗೆ ಇಳಿಯಿತು. ಆ 30 ಸೆಕೆಂಡಿನಲ್ಲಿ ಹಿಂದಿನವನ ಚೌಕ ಮುಗಿಸಿ, ರೀಪ್ಲೇಗೆ ಕಾಯದೆ ಮುಂದಕ್ಕೆ ಹೋಗಬೇಕು. ಪ್ರತಿ ಬಾಲ್, ಸ್ಟ್ರೈಕ್ ಬರೆಯುವ ಹಟ ಮೊದಲ ತಿಂಗಳು ಬೇಡ. ಆಡುವವರ ಪಟ್ಟಿಯನ್ನು ಪಂದ್ಯಕ್ಕೆ ಮುಂಚೆಯೇ ತುಂಬಿಡಿ. ನ್ಯೂಯಾರ್ಕ್‌ನ ಸಂಜೆ 7.05 ಎಂದರೆ ಬೇಸಿಗೆಯಲ್ಲಿ ನಮಗೆ ಬೆಳಗಿನ ಜಾವ 4.35, ಕ್ಯಾಲಿಫೋರ್ನಿಯಾದ ಸಂಜೆ 7.10 ಎಂದರೆ ಬೆಳಿಗ್ಗೆ 7.40. ನ್ಯೂಯಾರ್ಕ್ ಕಡೆಯ ಮಧ್ಯಾಹ್ನದ ಪಂದ್ಯಗಳು ನಮ್ಮ ರಾತ್ರಿ ಊಟದ ನಂತರ. ಕೆಲಸಕ್ಕೆ ಹೋಗುವವರಿಗೆ ಇವೇ ಲೇಸು. ಒಂದು ತಂಡಕ್ಕೆ ವರ್ಷಕ್ಕೆ 162 ಪಂದ್ಯ. ಎಲ್ಲವನ್ನೂ ಬರೆಯಹೊರಟವರು ಮೇ ತಿಂಗಳಿಗೇ ಕೈಚೆಲ್ಲುತ್ತಾರೆ. ವಾರಕ್ಕೊಂದರಂತೆ ಒಂದೇ ತಂಡ ಹಿಡಿದರೆ ಅಕ್ಟೋಬರ್ ಹೊತ್ತಿಗೆ 25ರ ಸುಮಾರು ಹಾಳೆ ಕೂಡುತ್ತವೆ, ಒಬ್ಬ ಬ್ಯಾಟರ್‌ನ ಅಭ್ಯಾಸ ತಿಳಿಯಲು ಅಷ್ಟು ಧಾರಾಳ.

ಕೊನೆಗೆ ಡೆಸ್ಕಿನವರಿಗೆ ಎರಡು ಕೋರಿಕೆ. ಹೋಂ ರನ್‌ಗೆ 'ಸಿಕ್ಸರ್' ಎಂದು ಬರೆಯಬೇಡಿ. ಅದಕ್ಕೆ ನಿಗದಿತ ಬೆಲೆಯಿಲ್ಲ, ಬೇಸ್‌ಗಳಲ್ಲಿ ಎಷ್ಟು ಮಂದಿ ಇದ್ದಾರೆಂಬುದರ ಮೇಲೆ ಒಂದರಿಂದ ನಾಲ್ಕು ರನ್. ಎರಡನೆಯದು, ಪಿಚರ್ '6.1 ಇನಿಂಗ್' ಎಸೆದ ಎಂದರೆ ಆರು ಇನಿಂಗ್ ಮತ್ತು ಒಂದು ಔಟ್, ಅಂದರೆ ಆರೂ ಮೂರರಲ್ಲೊಂದು. ನಮ್ಮ 6.1 ಓವರ್‌ನ ಹಾಗೆಯೇ ಇದು ದಶಮಾಂಶವಲ್ಲ. ಆತ ಮೂರು ಅರ್ನ್ಡ್ ರನ್ ಕೊಟ್ಟಿದ್ದರೆ, ಒಂಬತ್ತು ಇನಿಂಗ್‌ಗೆ ಆತ ಕೊಡುವ ಸರಾಸರಿ ತಿಳಿಯಲು ಮೂರನ್ನು ಒಂಬತ್ತರಿಂದ ಗುಣಿಸಿ 6.333ರಿಂದ ಭಾಗಿಸಬೇಕು: 4.26. ಕ್ಯಾಲ್ಕುಲೇಟರ್‌ಗೆ 6.1 ಎಂದೇ ಒತ್ತಿದರೆ 4.43 ಬರುತ್ತದೆ.

– ಒಬ್ಬ ಬೇಸ್‌ಬಾಲ್ ಪ್ರೇಮಿ, ಮೈಸೂರು