ಮರಳು ಹೊಂಡದಲ್ಲೇ ಮುಗಿಯುವ ಜಿಗಿತ

ಮಾನ್ಯರೇ,

ಮಹಿಳೆಯರ ಎತ್ತರ ಜಿಗಿತದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಾನು ಮೊದಲು ಲೆಕ್ಕ ಹಾಕುವುದು ಸಹನಾ ಕುಮಾರಿಯವರ ವಯಸ್ಸನ್ನು. ನಮ್ಮದೇ ಕರಾವಳಿಯ ದಕ್ಷಿಣ ಕನ್ನಡದಲ್ಲಿ 1982ರಲ್ಲಿ ಹುಟ್ಟಿದ ಅವರು, ಬಾಬಿ ಅಲೋಷಿಯಸ್ 2004ರಲ್ಲಿ ಸ್ಥಾಪಿಸಿದ್ದ 1.91 ಮೀಟರ್‌ನ ರಾಷ್ಟ್ರೀಯ ದಾಖಲೆಯನ್ನು 2012ರ ಜೂನ್‌ನಲ್ಲಿ ಹೈದರಾಬಾದಿನಲ್ಲಿ 1.92 ಮೀಟರ್ ಜಿಗಿದು ಮುರಿದರು. ಲಂಡನ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. ಆಗ ಅವರಿಗೆ ಮೂವತ್ತು ತುಂಬಿತ್ತು, ತಾಯಿಯೂ ಆಗಿದ್ದರು. ಲಂಡನ್ನಿನ ಅರ್ಹತಾ ಸುತ್ತಿನಲ್ಲಿ ಅವರ ಜಿಗಿತ 1.80ಕ್ಕೇ ನಿಂತಿತು ಎಂದು ಕೊಂಕು ಆಡಿದವರೂ ಇದ್ದರು. ಮೂವತ್ತರವರೆಗೆ ಈ ಆಟವನ್ನು ಬಿಡದೆ ಇರುವುದು ಎಷ್ಟು ಕಷ್ಟವೆಂದು ಹಾಗೆ ಕೊಂಕು ಆಡಿದವರಿಗೆ ತಿಳಿದಿರಲಾರದು.

ಉತ್ತರ ಕನ್ನಡದಲ್ಲಿ ಹೆಣ್ಣುಮಕ್ಕಳ ಎತ್ತರ ಜಿಗಿತ ಸಾಮಾನ್ಯವಾಗಿ ಹದಿನಾರಕ್ಕೇ ಮುಗಿಯುತ್ತದೆ. ದೈಹಿಕ ಶಿಕ್ಷಕನಾಗಿ ಘಟ್ಟದ ಮೇಲೂ ಕೆಳಗೂ ದುಡಿದವನು ನಾನು. ಒಮ್ಮೆ ಕರಾವಳಿಯ ಒಂದು ಕ್ರೀಡಾಕೂಟದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬರಿಗಾಲಲ್ಲಿ ಓಡಿ ಬಂದು, ಎಲ್ಲರಂತೆ ಕತ್ತರಿ ಹಾಕದೆ, ಅಂದರೆ ಒಂದಾದ ಮೇಲೊಂದು ಕಾಲನ್ನು ಕೋಲಿನಾಚೆ ದಾಟಿಸದೆ, ಟಿ.ವಿ.ಯಲ್ಲಿ ಕಂಡಂತೆ ಬೆನ್ನು ತಿರುಗಿಸಿ ಜಿಗಿದಳು. ಕೋಲು ಅಲುಗಲಿಲ್ಲ. ಆದರೆ ಹಿಂದಿನ ರಾತ್ರಿಯ ಮಳೆಗೆ ಮರಳು ಗಾರೆಯಂತೆ ಗಟ್ಟಿಯಾಗಿತ್ತು, ಅದರೊಳಗೆ ಚಿಪ್ಪಿನ ಚೂರುಗಳೂ ಇದ್ದವು. ಅವಳ ಮೊಣಕೈಯ ಚರ್ಮ ಕಿತ್ತುಹೋಯಿತು. ಇನ್ನು ಮುಂದೆ ಹಾಗೆ ಜಿಗಿಯಬೇಡ ಎಂದು ನಾನೇ ಗದರಿದೆ. ಅವಳ ಕುತ್ತಿಗೆಯ ಚಿಂತೆಯಲ್ಲಿ ನನಗೆ ಬೇರೆ ಮಾತು ಹೊಳೆಯಲಿಲ್ಲ.

1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಗೆದ್ದ ಮೇಲೆ ಜಗತ್ತೆಲ್ಲ ಬೆನ್ನಿನ ಮೇಲೆ ಜಿಗಿಯುವುದನ್ನೇ ರೂಢಿಸಿಕೊಂಡಿತು. ಬೆನ್ನು ಬಿಲ್ಲಿನಂತೆ ಬಾಗಿದಾಗ ದೇಹದ ಭಾರಕೇಂದ್ರ ಕೋಲಿನ ಕೆಳಗೇ ಹಾದುಹೋಗಬಹುದು. ಅದೇ ಶಕ್ತಿಯಲ್ಲಿ ಕತ್ತರಿ ಹಾಕುವವಳಿಗೆ ಅಷ್ಟು ಎತ್ತರ ದಕ್ಕುವುದಿಲ್ಲ. ಈ ವಿದ್ಯೆಗೆ ಫೋಮ್‌ನ ದಪ್ಪ ಹಾಸು ಬೇಕೇ ಬೇಕು. ಅದು ಸಿಗದೆ ಹರಿಯಾಣದ ಹಳ್ಳಿಯ ಪೂಜಾ ಸಿಂಗ್, ಹುಲ್ಲು ತುಂಬಿದ ಗೋಣಿಚೀಲಗಳ ಮೇಲೆ ಬಿದ್ದು ಕಲಿತು, 2025ರ ಏಷ್ಯನ್ ಅಥ್ಲೆಟಿಕ್ಸ್‌ನಲ್ಲಿ 1.89 ಮೀಟರ್ ಜಿಗಿದು ಚಿನ್ನ ಗೆದ್ದರು. ಅಡಿಕೆ ಚೀಲಕ್ಕೂ ಒಣಹುಲ್ಲಿಗೂ ಬರವಿಲ್ಲದ ಶಿರಸಿ ಸೀಮೆಯಲ್ಲಿ ನಮಗ್ಯಾರಿಗೂ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಹಾಗೆಂದು ಚೀಲದ ಮೇಲೆಯೇ ಕಲಿಯಿರಿ ಎಂದು ನಮ್ಮ ಮಕ್ಕಳಿಗೆ ಹೇಳುವುದು ಸರಿಯಲ್ಲ.

ಜಿಲ್ಲೆಯ ಪ್ರತಿ ತಾಲ್ಲೂಕಿಗೆ ಒಂದಾದರೂ ಹಾಸು ಕೊಡಿ ಎಂಬುದು ಸಂಬಂಧಪಟ್ಟ ಇಲಾಖೆಗೆ ನನ್ನ ಮನವಿ. ಅದನ್ನು ಬಯಲಲ್ಲಿ ಬಿಟ್ಟರೆ ನಮ್ಮ ಮಳೆಗೆ ಒಂದೇ ವರ್ಷದಲ್ಲಿ ನೀರು ಕುಡಿದು ಬೂಸಲು ಹಿಡಿಯುತ್ತದೆ. ಆದ್ದರಿಂದ ಹಾಸು ತರಿಸುವ ಮೊದಲು ಅದಕ್ಕೊಂದು ತಗಡಿನ ಮಾಡು ಹಾಕಿಸಲಿ, ಬೀಗದ ಕೈ ಮೈದಾನದ ಸಮೀಪದಲ್ಲೇ ಇರುವ ಶಿಕ್ಷಕರೊಬ್ಬರ ಬಳಿ ಇರಲಿ.

– ನಿವೃತ್ತ ದೈಹಿಕ ಶಿಕ್ಷಕ, ಶಿರಸಿ