ಮಂಜುಗೆ, ಪೂಜಾರಿ ಲಾಲ್‌ದಾಸ್ ಬಗ್ಗೆ ಒಂದು ಪತ್ರ

ಮಂಜು,

ಮೊನ್ನೆ ಫೋನಲ್ಲಿ ನೀನು "ಈ ಡಾಕ್ಯುಮೆಂಟರಿ ಮಾಡೋರಿಗೆ ದೇವರು ಅಂದ್ರೇನೇ ಆಗಲ್ಲ ಕಣೋ" ಅಂದ್ಯಲ್ಲ, ಬಸ್ಸಲ್ಲಿದ್ದೆ, ಗಲಾಟೇಲಿ ಉತ್ತರ ಕೊಡೋಕಾಗ್ಲಿಲ್ಲ. ಆದ್ರೆ ಆ ಮಾತು ತಲೆಯಿಂದ ಹೋಗ್ತಾನೇ ಇಲ್ಲ, ಅದಕ್ಕೇ ಬರೀತಿದೀನಿ.

ಆನಂದ್ ಪಟವರ್ಧನ್ ಅವರ 'ರಾಮ್ ಕೆ ನಾಮ್' ಡಾಕ್ಯುಮೆಂಟರಿ ನೀನು ಪೂರ್ತಿ ನೋಡಿಲ್ಲ ಅನ್ಸುತ್ತೆ, ವಾಟ್ಸಾಪಲ್ಲಿ ಬರೋ ತುಂಡು ನೋಡಿರ್ತೀಯ. ನಾನು ಹೋದ ರಾಮನವಮಿ ದಿನ, ಪಾನಕ ಕೋಸಂಬರಿ ಎಲ್ಲ ಹಂಚಿ ಮುಗಿದ್ಮೇಲೆ ಸಂಜೆ ಅಮ್ಮನ ಜೊತೆ ಕೂತು ನೋಡ್ದೆ. 1990ರಲ್ಲಿ ಅಯೋಧ್ಯೇಲಿ ರಾಮಮಂದಿರ ಕಟ್ಟಬೇಕು ಅಂತ ಅಡ್ವಾಣಿಯವರ ರಥಯಾತ್ರೆ ಸೋಮನಾಥದಿಂದ ಹೊರಟಿತ್ತಲ್ಲ, ಆಗಿನ ಶೂಟಿಂಗು, ಅಲ್ಲಿನ ಬಾಬರಿ ಮಸೀದಿ ಇನ್ನೂ ನಿಂತೇ ಇದೆ, ಅದನ್ನ ಕೆಡವಿದ್ದು 1992 ಡಿಸೆಂಬರ್ 6ಕ್ಕೆ, ಮುಂದೇನಾಗುತ್ತೆ ಅಂತ ನಮಗೆ ಗೊತ್ತು, ಅಲ್ಲಿ ಮಾತಾಡ್ತಿರೋರಿಗೆ ಗೊತ್ತಿಲ್ಲ, ನೋಡ್ತಾ ನೋಡ್ತಾ ಹೊಟ್ಟೇಲಿ ಒಂಥರಾ ಸಂಕಟ ಆಗುತ್ತೆ.

ಅದ್ರಲ್ಲಿ ಪೂಜಾರಿ ಲಾಲ್‌ದಾಸ್ ಅಂತ ಬರ್ತಾರೆ. ಅದೇ ಜಾಗಕ್ಕೆ ಕೋರ್ಟ್ ನೇಮಿಸಿದ್ದ ಪೂಜಾರಿ, ರಾಮಲಲ್ಲಾನ ಪೂಜೆ ಅವರದೇ. ಕೂಗಾಟ ಇಲ್ಲ, ಆವೇಶ ಇಲ್ಲ, ಇದು ಭಕ್ತಿ ಅಲ್ಲ, ಓಟಿಗೂ ದುಡ್ಡಿಗೂ ಮಾಡ್ತಿರೋದು, ಈ ಚಳವಳಿ ನಡೆಸೋರು ಇಲ್ಲಿವರೆಗೂ ದೇವರಿಗೆ ಒಂದು ಪೂಜೇನೂ ಕೊಟ್ಟಿಲ್ಲ ಅಂತ ಕ್ಯಾಮೆರಾ ಮುಂದೆ ನೇರ ಹೇಳ್ತಾರೆ. 1992ರಲ್ಲಿ ಅವರನ್ನ ಆ ಕೆಲಸದಿಂದ ತೆಗೆದ್ರು. 1993ರ ನವೆಂಬರಲ್ಲಿ ಗುಂಡು ಹೊಡೆದು ಕೊಂದ್ರು. ಇದನ್ನ ನಾನು ಹೇಳಿದಾಗ ಅಮ್ಮ ಸುಮಾರು ಹೊತ್ತು ಮಾತಾಡ್ಲಿಲ್ಲ, ಆಮೇಲೆ "ಪೂಜೆ ಮಾಡೋರನ್ನೇನೋ?" ಅಂದ್ರು. ಈಗ ಹೇಳು, ಆ ಸಿನಿಮಾದಲ್ಲಿ ದೇವರನ್ನ ಎಲ್ಲರಿಗಿಂತ ಹತ್ತಿರದಿಂದ ಬಲ್ಲೋರು ಯಾರು?

ಒಂದು ಕಡೆ ಮಾತ್ರ ನನಗೂ ಕಸಿವಿಸಿ ಆಯ್ತು, ಮುಚ್ಚಿಡಲ್ಲ. ಮಂದಿರ ಕಟ್ಟೋಕೆ ಅಂತ ಕರಸೇವೆಗೆ ಬಂದ ಹುಡುಗರನ್ನ ರಾಮ ಹುಟ್ಟಿದ್ದು ಯಾವಾಗ ಅಂತ ಕೇಳ್ತಾರೆ, ಅವರು ತಡವರಿಸ್ತಾರೆ, ನೋಡೋರು ನಗ್ತಾರೆ. ಅಮ್ಮನ್ನ ಕೇಳಿದ್ರೂ ತ್ರೇತಾಯುಗ ಅಂತಾರೆ ಅಷ್ಟೇ, ಇಸವಿ ಹೇಳಲ್ಲ, ಅದರಿಂದ ಅವರ ಭಕ್ತಿ ಕಮ್ಮಿ ಆಗಲ್ಲ. ಆದ್ರೆ ಇಸವೀನೂ ಗೊತ್ತಿಲ್ದೆ ಇಂಥಾ ಗುಮ್ಮಟದ ಕೆಳಗೇ ಹುಟ್ಟಿದ್ದು, ಅದನ್ನ ಕೆಡವಬೇಕು ಅಂತ ಹೊರಟಾಗ ಆ ಪ್ರಶ್ನೆ ಕೇಳಲೇಬೇಕಾಗುತ್ತೆ ಅಂತಾನೂ ಅನ್ಸುತ್ತೆ.

ಇಂಥ ಸಿನಿಮಾಕ್ಕೆ ನ್ಯಾಷನಲ್ ಅವಾರ್ಡ್ ಬಂತು, ಆದ್ರೂ ದೂರದರ್ಶನ ತೋರಿಸಲ್ಲ ಅಂತು, ಕೋರ್ಟಿಗೆ ಹೋಗಿ ಗೆಲ್ಲಬೇಕಾಯ್ತು. ಗುಜರಾತಿನ 2002ರ ಗಲಭೆ ಬಗ್ಗೆ ರಾಕೇಶ್ ಶರ್ಮಾ ಮಾಡಿದ 'ಫೈನಲ್ ಸೊಲ್ಯೂಷನ್'ಗೂ 2004ರಲ್ಲಿ ಸೆನ್ಸಾರ್ ಬೋರ್ಡ್ ಮೊದಲು ಸರ್ಟಿಫಿಕೇಟೇ ಕೊಡ್ಲಿಲ್ಲ, ಜನ ಸಿಡಿ ಕಾಪಿ ಮಾಡ್ಕೊಂಡು ಕೈಯಿಂದ ಕೈಗೆ ಹಂಚಿದ್ರು.

ಇನ್ನು, ಇವರು ಒಂದೇ ಕಡೆಯವರನ್ನ ಬೈತಾರೆ ಅಂತೀಯಲ್ಲ, ನಮ್ಮ ಬೆಂಗಳೂರಿನ ದೀಪಾ ಧನರಾಜ್ 1986ರಲ್ಲೇ ಮಾಡಿದ 'ಕ್ಯಾ ಹುವಾ ಇಸ್ ಶಹರ್ ಕೋ' ನೋಡು. 1984ರ ಹೈದರಾಬಾದ್ ಗಲಭೆ ಅದು. ಹಿಂದೂ, ಮುಸ್ಲಿಂ ಎರಡೂ ಕಡೆ ಲೀಡರುಗಳ ಭಾಷಣ ಇದೆ, ಕರ್ಫ್ಯೂ ಬಿದ್ರೆ ಕೂಲಿ ನಾಲಿ ಮಾಡೋರ ಮನೇಲಿ ಒಲೆ ಹೇಗೆ ಆರುತ್ತೆ ಅನ್ನೋದೂ ಇದೆ.

ಭಾನುವಾರ ಮನೆಗೆ ಬಾ, 'ರಾಮ್ ಕೆ ನಾಮ್', ಇದು, ಎರಡೂ ಕೂತು ನೋಡೋಣ. ನೋಡಿದ್ಮೇಲೂ ಬೈಬೇಕು ಅನ್ಸಿದ್ರೆ ಬೈ, ಕೇಳ್ತೀನಿ. ಅಮ್ಮ ನಿನ್ನನ್ನ ಕೇಳ್ತಾನೇ ಇರ್ತಾರೆ, ಊಟಕ್ಕೇ ಬಂದ್ಬಿಡು.

ನಿನ್ನ,
ಶಿವು